ಕತ್ತಲಕೋಣೆಯಲ್ಲಿ ಬೆಳೆದ ಮರ

ನೀರಿನ ಮೇಲೆ ಒಂದು ಮರ ತೇಲುತ್ತಿದೆ. ಬುಡದಲ್ಲಿ ನೆಲವಿಲ್ಲ, ಬೇರುಗಳೆಲ್ಲ ಬರಿಗಾಳಿಯಲ್ಲಿ ಇಳಿಬಿದ್ದಿವೆ. ಆದರೂ ಅದು ವಾಲಿಲ್ಲ, ಉರುಳಿಲ್ಲ. ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ ಎಂಬಷ್ಟು ನಿರಾಳವಾಗಿ ನಿಂತಿದೆ. ಅಮೆರಿಕದ ಛಾಯಾಚಿತ್ರ ಕಲಾವಿದ ಜೆರ್ರಿ ಯೂಲ್ಸ್‌ಮನ್ 1969ರಲ್ಲಿ ರೂಪಿಸಿದ ಕಪ್ಪು–ಬಿಳುಪು ಚಿತ್ರ ಇದು. ಅಂಟಿಸಿದ ಗೆರೆಯನ್ನು ಹುಡುಕಿದರೆ ಸಿಗುವುದಿಲ್ಲ. ಬೇರಿನ ತುದಿಯೂ ನೀರಿನ ಹೊಳಪೂ ಒಂದೇ ಬೆಳಕಿನಲ್ಲಿ ಮಿಂದಂತಿವೆ.

ಇಂದಿನ ಹುಡುಗ ಹುಡುಗಿಯರಿಗೆ ಈ ಚಿತ್ರ ತೋರಿಸಿದರೆ, ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು ಎಂಬ ಪ್ರಶ್ನೆ ಬರುವುದು ಸಹಜ. ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಈ ಮರ ಅದಕ್ಕಿಂತ 21 ವರ್ಷ ಹಿರಿಯದು. ಬೆಳಕು, ಕಾಗದ, ರಾಸಾಯನಿಕ ಮತ್ತು ಎರಡು ಕೈಗಳನ್ನೇ ನಂಬಿ, ಕಂಪ್ಯೂಟರ್‌ನ ನೆರವಿಲ್ಲದೆ, ಫ್ಲಾರಿಡಾದ ಗೇನ್ಸ್‌ವಿಲ್ ಎಂಬ ಊರಿನ ಡಾರ್ಕ್‌ರೂಮ್‌ನಲ್ಲಿ ಯೂಲ್ಸ್‌ಮನ್ ಇಂಥ ಚಿತ್ರಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಾಡಿದರು. 2022ರ ಏಪ್ರಿಲ್‌ನಲ್ಲಿ, 87ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು.

ಚಿತ್ರಗಳನ್ನು ಬೆರಳ ತುದಿಯಲ್ಲಿ ಬೆಸೆಯಬಹುದಾದ ಈ ಕಾಲದಲ್ಲಿ ಯೂಲ್ಸ್‌ಮನ್ ಅವರನ್ನು ನೆನೆಯಲು ಬಲವಾದ ಕಾರಣವಿದೆ. ಬೆಸುಗೆಯ ಕೌಶಲಕ್ಕಷ್ಟೇ ಅವರನ್ನು ಹೊಗಳಿದರೆ ಅವರ ಕೆಲಸದ ತಿರುಳು ಕೈತಪ್ಪಿಹೋಗುತ್ತದೆ. ಕ್ಯಾಮೆರಾ ಕ್ಲಿಕ್ಕಿಸಿದ ಮೇಲೂ ನೋಡುವುದು ಮುಗಿಯುವುದಿಲ್ಲ ಎಂಬುದನ್ನು ಅವರು ಬದುಕಿಡೀ ಮಾಡಿ ತೋರಿಸಿದರು.

ಕಿರಾಣಿ ಅಂಗಡಿಯ ಮನೆಯಿಂದ

ಯೂಲ್ಸ್‌ಮನ್ ಹುಟ್ಟಿದ್ದು 1934ರ ಜೂನ್ 11ರಂದು, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ತಂದೆ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಹದಿಹರೆಯದಲ್ಲೇ ಕ್ಯಾಮೆರಾ ಕೈಗೆ ಬಂತು. ಊರಿನ ಸ್ಟುಡಿಯೊವೊಂದರಲ್ಲಿ ಸಹಾಯಕನಾಗಿ ದುಡಿದ ಹುಡುಗ ಮದುವೆಗಳ ಫೋಟೊ ತೆಗೆದ. ಮುಂದೆ ಒಂದು ಸ್ಟುಡಿಯೊ ಇಟ್ಟುಕೊಂಡು ಭಾವಚಿತ್ರ ತೆಗೆಯುತ್ತ ಬದುಕಬಹುದು ಎಂಬಷ್ಟೇ ಲೆಕ್ಕಾಚಾರದಲ್ಲಿ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸೇರಿದ್ದಿರಬಹುದು. ಆದರೆ ರೋಚೆಸ್ಟರ್ ಸಾಮಾನ್ಯ ಊರಲ್ಲ. ಕೊಡಕ್ ಕಂಪನಿಯ ತವರು ಅದು. ಅಲ್ಲಿನ ಪಾಠಶಾಲೆಯಲ್ಲಿ ಕಾದಿದ್ದ ಮೇಷ್ಟ್ರುಗಳೂ ಸಾಮಾನ್ಯರಲ್ಲ.

ರಾಲ್ಫ್ ಹ್ಯಾಟರ್‌ಸ್ಲಿ ಎಂಬ ಮೇಷ್ಟ್ರು, ಫೋಟೊಗ್ರಫಿಯನ್ನು ಸ್ವಂತದ ಮಾತಾಡಲು ಬಳಸಬಹುದು ಎಂಬ ಧೈರ್ಯವನ್ನು ಹುಡುಗರಲ್ಲಿ ತುಂಬಿದರು. ಇನ್ನೊಬ್ಬರು ಮೈನರ್ ವೈಟ್. 1952ರಲ್ಲಿ ಆರಂಭವಾದ ‘ಅಪರ್ಚರ್’ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರು ಅವರು. ಬಂಡೆಯ ಚಿತ್ರ ಬಂಡೆಯನ್ನಷ್ಟೇ ತೋರಿಸಿ ಸುಮ್ಮನಾಗಬೇಕಿಲ್ಲ, ತೆಗೆದವನ ಒಳಗಿನ ಸ್ಥಿತಿಯನ್ನೂ ಅದು ಹೊರಬಲ್ಲದು ಎಂಬುದು ವೈಟ್ ಅವರ ನಂಬಿಕೆ. ಮದುವೆ ಫೋಟೊಗಳ ಲೋಕದಿಂದ ಬಂದ ಹುಡುಗನಿಗೆ ಇದು ಹೊಸ ಬಾಗಿಲು.

1957ರಲ್ಲಿ ಪದವಿ ಪಡೆದು ಯೂಲ್ಸ್‌ಮನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸಿಕ್ಕವರು ಹೆನ್ರಿ ಹೋಮ್ಸ್ ಸ್ಮಿತ್. ಹಂಗೇರಿಯ ಕಲಾವಿದ ಲಾಸ್ಲೋ ಮೊಹೋಲಿ–ನಾಡ್ಜ್ ಷಿಕಾಗೊದಲ್ಲಿ 1937ರಲ್ಲಿ ‘ನ್ಯೂ ಬೌಹೌಸ್’ ತೆರೆದಾಗ ಅಲ್ಲಿ ಫೋಟೊಗ್ರಫಿ ಕಲಿಸಿದವರು ಇದೇ ಸ್ಮಿತ್. ಕ್ಯಾಮೆರಾ ಇಲ್ಲದೆ ಕಾಗದದ ಮೇಲೆ ನೇರವಾಗಿ ವಸ್ತುಗಳನ್ನಿಟ್ಟು ಬೆಳಕು ಬಿಟ್ಟು ಚಿತ್ರ ಮಾಡುವ ಫೋಟೊಗ್ರಾಮ್‌ನ ದೊಡ್ಡ ಪ್ರಯೋಗಕಾರ ಮೊಹೋಲಿ–ನಾಡ್ಜ್. ಸ್ಮಿತ್ ಕೂಡ ಗಾಜಿನ ಮೇಲೆ ಜೋಳದ ಪಾಕ ಮತ್ತು ನೀರನ್ನು ಸುರಿದು, ಅದರೊಳಗಿಂದ ಹಾದು ವಕ್ರವಾದ ಬೆಳಕನ್ನೇ ಚಿತ್ರವಾಗಿಸಿದವರು. ಹೀಗೆ ವೈಟ್ ಅವರಿಂದ ಅಂತರಂಗದ ಪಾಠ, ಸ್ಮಿತ್ ಅವರಿಂದ ಪ್ರಯೋಗದ ಪಾಠ ಎರಡೂ ಒಬ್ಬನೇ ವಿದ್ಯಾರ್ಥಿಯಲ್ಲಿ ಬಂದು ಕೂಡಿದವು. 1960ರಲ್ಲಿ ಓದು ಮುಗಿಸಿದವರೇ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಸುಮಾರು ನಾಲ್ಕು ದಶಕ ಅಲ್ಲೇ ಕಲಿಸಿದರು.

ಆ ನೌಕರಿ ಅವರಿಗೆ ಸಂಬಳದ ಜೊತೆಗೆ ಸ್ವಾತಂತ್ರ್ಯವನ್ನೂ ಕೊಟ್ಟಿತು. ಗಿರಾಕಿಗೆ ಇಷ್ಟವಾಗಬೇಕೆಂಬ ಒತ್ತಡವಿಲ್ಲ, ಪತ್ರಿಕೆಯ ಗಡುವಿಲ್ಲ. ಕೆಟ್ಟರೆ ಇನ್ನೊಂದು ಹಾಳೆ ತೆಗೆದುಕೊಂಡರಾಯಿತು. ಪ್ರಯೋಗ ಮಾಡುವವನಿಗೆ ಬೇಕಾದದ್ದು ಇದೇ ಬಿಡುವು.

ಕ್ಲಿಕ್ಕಿಗೆ ಮುನ್ನ, ಕ್ಲಿಕ್ಕಿನ ನಂತರ

ಯೂಲ್ಸ್‌ಮನ್ ಕೆಲಸ ಶುರುಮಾಡಿದಾಗ ಅಮೆರಿಕದ ಕಲಾ ಛಾಯಾಗ್ರಹಣದಲ್ಲಿ ಒಂದು ಮತ ಭದ್ರವಾಗಿ ಬೇರೂರಿತ್ತು. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಸೇರಿ ಕಟ್ಟಿದ ‘ಎಫ್/64’ ಬಳಗ ಆ ಮತವನ್ನು ಸಾರಿತ್ತು. ಚಿತ್ರ ಚೂಪಾಗಿರಬೇಕು, ಕಂಡದ್ದು ಕಂಡಂತಿರಬೇಕು, ಒಂದು ಚಿತ್ರಕ್ಕೆ ಒಂದೇ ನೆಗೆಟಿವ್ ಸಾಕು. ಕ್ಲಿಕ್ಕಿಸುವ ಮೊದಲೇ ಅಂತಿಮ ಪ್ರಿಂಟ್ ಹೇಗಿರಬೇಕೆಂದು ಮನಸ್ಸಿನಲ್ಲಿ ಕಂಡುಕೊಳ್ಳಬೇಕು ಎನ್ನುವುದು ಆಡಮ್ಸ್ ಅವರ ಪಾಠದ ಬುನಾದಿ. ಅದಕ್ಕಾಗಿಯೇ ಅವರು ನೆರಳಿನಿಂದ ಬೆಳಕಿನವರೆಗಿನ ಛಾಯೆಗಳನ್ನು ಲೆಕ್ಕ ಹಾಕುವ ‘ಜೋನ್ ಸಿಸ್ಟಂ’ ರೂಪಿಸಿದ್ದರು.

ಆಡಮ್ಸ್ ಡಾರ್ಕ್‌ರೂಮ್‌ನಲ್ಲಿ ಬೆವರು ಹರಿಸದವರೇನಲ್ಲ. 1941ರಲ್ಲಿ ತೆಗೆದ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ಆಕಾಶವನ್ನು ಅವರು ವರ್ಷದಿಂದ ವರ್ಷಕ್ಕೆ ಹೆಚ್ಚು ಕಪ್ಪಾಗಿಸುತ್ತ ಹೋದರು. ಆ ನೆಗೆಟಿವ್‌ನ ಒಂದು ಭಾಗಕ್ಕೆ ರಾಸಾಯನಿಕದಿಂದ ಗಾಢತೆಯನ್ನೂ ಕೊಟ್ಟರು. ಮೊದಲ ಪ್ರಿಂಟನ್ನೂ ಕಡೆಗಾಲದ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟರೆ ಎರಡು ಬೇರೆ ರಾತ್ರಿಗಳಂತೆ ಕಾಣುತ್ತವೆ. ಹಾಗಿದ್ದರೂ ಆ ಎಲ್ಲ ದುಡಿಮೆ ಕ್ಲಿಕ್ಕಿನ ಕ್ಷಣದಲ್ಲಿ ಕಂಡ ದೃಶ್ಯಕ್ಕೆ ನಿಷ್ಠವಾದದ್ದು. ಮೊದಲು ಕಂಡದ್ದನ್ನು ಈಡೇರಿಸುವ ಜಾಗ ಡಾರ್ಕ್‌ರೂಮ್.

ಯೂಲ್ಸ್‌ಮನ್ ಭಿನ್ನವಾದದ್ದು ಇಲ್ಲಿ. ಕಾಣುವುದನ್ನು ಕ್ಲಿಕ್ಕಿಸುವ ಮೊದಲೇ ಮುಗಿಸಿಬಿಡಬೇಕೇಕೆ ಎಂದು ಅವರು ಕೇಳಿದರು. ಉಳಿದ ಕಲೆಗಳಲ್ಲಿ ಕೆಲಸ ಮಾಡುತ್ತ ಮಾಡುತ್ತಲೇ ದಾರಿ ಬದಲಾಗುತ್ತದೆ. ಚಿತ್ರಕಾರ ಬಳಿದ ಬಣ್ಣದ ಮೇಲೆ ಮತ್ತೆ ಬಳಿಯುತ್ತಾನೆ, ಕಥೆಗಾರ ಬರೆದದ್ದನ್ನು ಹೊಡೆದುಹಾಕುತ್ತಾನೆ. ಛಾಯಾಗ್ರಾಹಕನಿಗೆ ಮಾತ್ರ ಆ ಹಕ್ಕು ಏಕಿರಬಾರದು? ಕ್ಯಾಮೆರಾದಿಂದ ಸಿಕ್ಕದ್ದು ಕಚ್ಚಾ ಸಾಮಗ್ರಿ. ಚಿತ್ರವನ್ನು ಕಂಡುಕೊಳ್ಳುವುದು ಆಮೇಲೂ ನಡೆಯಬಹುದು ಎಂಬ ಈ ವಿಚಾರವನ್ನು ಅವರು 1965ರ ಹೊತ್ತಿಗೆ ಪ್ರಬಂಧರೂಪದಲ್ಲಿ ಮಂಡಿಸಿದರು. ‘ಪೋಸ್ಟ್ ವಿಷುವಲೈಸೇಷನ್’ ಎಂಬ ಹೆಸರಿನಲ್ಲಿ ಛಾಯಾಗ್ರಹಣದ ಪಾಠಗಳಲ್ಲಿ ಅದು ಇಂದಿಗೂ ಬರುತ್ತದೆ.

1967ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಅಲ್ಲಿನ ಛಾಯಾಗ್ರಹಣ ವಿಭಾಗದ ಮುಖ್ಯಸ್ಥ ಜಾನ್ ಝಾರ್ಕೊವ್‌ಸ್ಕಿ ಅದೇ ವರ್ಷ ‘ನ್ಯೂ ಡಾಕ್ಯುಮೆಂಟ್ಸ್’ ಪ್ರದರ್ಶನದಲ್ಲಿ ಡಯಾನ್ ಆರ್ಬಸ್, ಲೀ ಫ್ರೀಡ್‌ಲ್ಯಾಂಡರ್, ಗ್ಯಾರಿ ವಿನೊಗ್ರಾಂಡ್ ಅವರ ಚಿತ್ರಗಳನ್ನೂ ತೋರಿಸಿದ್ದರು. ಒಂದು ಕಡೆ ಬೀದಿಯಲ್ಲಿ ಕಂಡ ಕಟುವಾಸ್ತವ, ಇನ್ನೊಂದು ಕಡೆ ಎಲ್ಲಿಯೂ ಕಾಣದ ಲೋಕ. ಎರಡಕ್ಕೂ ಒಂದೇ ಸಂಸ್ಥೆ ಒಂದೇ ವರ್ಷ ಗೋಡೆ ಬಿಟ್ಟುಕೊಟ್ಟಿತು. ಯೂಲ್ಸ್‌ಮನ್‌ಗೆ ಆಗ 32 ವರ್ಷ. ಗುಗೆನ್‌ಹೈಮ್ ಫೆಲೋಶಿಪ್ ಬಂದದ್ದೂ ಅದೇ ವರ್ಷ.

ಹಳೆಯ ಜಾಡು

ಹಲವು ನೆಗೆಟಿವ್‌ಗಳನ್ನು ಸೇರಿಸಿ ಒಂದು ಚಿತ್ರ ಮಾಡುವುದು ಯೂಲ್ಸ್‌ಮನ್ ಕಂಡುಹಿಡಿದ ವಿದ್ಯೆಯಲ್ಲ. ಅದರ ವಯಸ್ಸು ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ. 1850ರ ದಶಕದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಬಲುಬೇಗ ನಾಟುತ್ತಿತ್ತು. ಸಮುದ್ರಕ್ಕೆ ಸರಿಹೊಂದುವಷ್ಟು ಬೆಳಕು ಬಿಟ್ಟರೆ ಆಕಾಶ ಮಿತಿಮೀರಿ, ಪ್ರಿಂಟ್‌ನಲ್ಲಿ ಮೋಡಗಳೇ ಇಲ್ಲದ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ತಮ್ಮ ಕೆಲವು ಸಮುದ್ರ ಚಿತ್ರಗಳಿಗೆ ನೀರನ್ನು ಒಂದು ನೆಗೆಟಿವ್‌ನಿಂದ, ಮೋಡಗಳನ್ನು ಇನ್ನೊಂದರಿಂದ ತಂದು ದಿಗಂತದಲ್ಲಿ ಕೂಡಿಸಿದರು. ಪ್ಲೇಟಿನ ಒಂದು ಕೊರತೆಯನ್ನು ಮುಚ್ಚಲು ಕಂಡುಕೊಂಡ ಉಪಾಯ ಅದು.

1857ರಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ‘ಟೂ ವೇಸ್ ಆಫ್ ಲೈಫ್’ ಎಂಬ ದೊಡ್ಡ ಚಿತ್ರ ಮಾಡಿದರು. ಸನ್ಮಾರ್ಗ, ದುರ್ಮಾರ್ಗಗಳ ನಡುವೆ ನಿಂತ ಇಬ್ಬರು ಯುವಕರ ದೃಶ್ಯ ಅದು. ಅದರಲ್ಲಿನ ನಗ್ನ ಆಕೃತಿಗಳು ಗದ್ದಲ ಎಬ್ಬಿಸಿದವು. ರಾಣಿ ವಿಕ್ಟೋರಿಯಾ ಮಾತ್ರ ಒಂದು ಪ್ರತಿ ಕೊಂಡರು. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳಿಂದ ‘ಫೇಡಿಂಗ್ ಅವೇ’ ಮಾಡಿದರು. ಸಾವಿನಂಚಿನಲ್ಲಿರುವ ಹುಡುಗಿ, ಸುತ್ತ ಮನೆಯವರು. ಇಂಥ ಸಂಕಟವನ್ನು ಸಜ್ಜುಗೊಳಿಸಿ ತೋರಿಸಬಹುದೇ ಎಂದು ನೋಡಿದವರು ಕೇಳಿದರು.

ಈ ಹಿರಿಯರಿಗೂ ಯೂಲ್ಸ್‌ಮನ್‌ಗೂ ಒಂದು ವ್ಯತ್ಯಾಸವಿದೆ. ರೈಲಾಂಡರ್, ರಾಬಿನ್‌ಸನ್ ಇಬ್ಬರೂ ಕಥೆಯನ್ನು ಮೊದಲು ಬರೆದುಕೊಂಡು, ಪಾತ್ರಧಾರಿಗಳನ್ನು ನಿಲ್ಲಿಸಿ, ಕೊನೆಗೆ ತುಂಡುಗಳನ್ನು ಕೂಡಿಸಿದವರು. ನಂಬಿಸುವುದು ಅವರ ಗುರಿ. ಯೂಲ್ಸ್‌ಮನ್ ಕಥೆ ಏನೆಂದು ತಿಳಿಯದೆಯೇ ಡಾರ್ಕ್‌ರೂಮ್ ಹೊಕ್ಕರು. ಚಿತ್ರ ನಿಜವಾಗಿರಲಾರದು ಎನ್ನುವುದು ನೋಡಿದವರಿಗೆ ಮೊದಲ ಕ್ಷಣದಲ್ಲೇ ಗೊತ್ತಾಗಬೇಕು, ಗೊತ್ತಾದ ಮೇಲೂ ಕಣ್ಣು ಕೀಳಲಾಗಬಾರದು ಎನ್ನುವುದೇ ಅವರ ಹಟ.

ಕೆಂಪು ದೀಪದ ಕೆಳಗೆ

ಅವರ ಕೆಲಸದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯಾಮೆರಾ ಹೆಗಲಿಗೇರಿಸಿ ಹೊರಟಾಗ ಅವರಿಗೆ ಪೂರ್ತಿ ಚಿತ್ರದ ಯೋಚನೆ ಇರುತ್ತಿರಲಿಲ್ಲ. ಬಂಡೆ, ಬೇರು, ಕೈ, ಮೋಡ, ಹಳೆಯ ಮನೆ, ಖಾಲಿ ಕೋಣೆ ಹೀಗೆ ಕಣ್ಣಿಗೆ ಹಿಡಿಸಿದ್ದನ್ನೆಲ್ಲ ಕೂಡಿಡುತ್ತಿದ್ದರು. ಫಿಲಂ ತೊಳೆದ ಮೇಲೆ ಎಲ್ಲ ಚೌಕಟ್ಟುಗಳನ್ನೂ ಒಂದೇ ಹಾಳೆಯ ಮೇಲೆ ಪುಟ್ಟದಾಗಿ ಪ್ರಿಂಟ್ ಹಾಕಿಕೊಂಡು ‘ಕಾಂಟ್ಯಾಕ್ಟ್ ಶೀಟ್’ ಮಾಡುವುದು ವಾಡಿಕೆ. ಬಹುತೇಕ ಛಾಯಾಗ್ರಾಹಕರು ಒಳ್ಳೆಯದೊಂದನ್ನು ಆರಿಸಿ ಶೀಟನ್ನು ಕಪಾಟಿಗೆ ಸೇರಿಸುತ್ತಾರೆ. ಯೂಲ್ಸ್‌ಮನ್ ಮಾತ್ರ ಆ ಹಾಳೆಗಳನ್ನು ಮೇಜಿನ ತುಂಬ ಹರಡಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಈ ವರ್ಷದ ಬಂಡೆಯ ಪಕ್ಕ ಎಷ್ಟೋ ವರ್ಷ ಹಿಂದಿನ ಕೈ. ಆ ಮೋಡದ ಕೆಳಗೆ ಈ ಕೋಣೆ. ಎರಡು ಚಿತ್ರಗಳ ನಡುವೆ ಏನೋ ಮಿಂಚಿದರೆ ಆ ನೆಗೆಟಿವ್‌ಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಒಳಗೆ ಸಾಲಾಗಿ ಎನ್‌ಲಾರ್ಜರ್‌ಗಳು. ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಕೆಳಗಿನ ಕಾಗದದ ಮೇಲೆ ಚಿತ್ರವನ್ನು ಹಿಗ್ಗಿಸಿ ಬೀಳಿಸುವ ಯಂತ್ರ ಅದು. ಸಾಮಾನ್ಯ ಡಾರ್ಕ್‌ರೂಮ್‌ನಲ್ಲಿ ಒಂದಿದ್ದರೆ ಹೆಚ್ಚು. ಯೂಲ್ಸ್‌ಮನ್ ಅವರಲ್ಲಿ ಏಳೆಂಟು ಇದ್ದವು. ಒಂದೇ ಯಂತ್ರದಲ್ಲಿ ಮೂರು ನೆಗೆಟಿವ್ ಸೇರಿಸಬೇಕೆಂದರೆ ಪ್ರತಿ ಸಲವೂ ನೆಗೆಟಿವ್ ಬದಲಿಸಿ, ಎತ್ತರ ಹೊಂದಿಸಿ, ಫೋಕಸ್ ಮಾಡಬೇಕು. ಅಷ್ಟರಲ್ಲಿ ಮೊದಲಿನ ಲೆಕ್ಕ ತಪ್ಪಿರುತ್ತದೆ. ಒಂದೊಂದು ನೆಗೆಟಿವ್‌ಗೆ ಒಂದೊಂದು ಯಂತ್ರವನ್ನು ಮೀಸಲಿಟ್ಟು, ಕಾಗದವನ್ನೇ ಯಂತ್ರದಿಂದ ಯಂತ್ರಕ್ಕೆ ಒಯ್ದರೆ? ವಿಶ್ವವಿದ್ಯಾಲಯದ ಡಾರ್ಕ್‌ರೂಮ್‌ನಲ್ಲಿ ಪಕ್ಕಪಕ್ಕದಲ್ಲೇ ನಿಂತಿದ್ದ ಎನ್‌ಲಾರ್ಜರ್‌ಗಳು ಅವರಿಗೆ ಈ ದಾರಿ ತೋರಿದವು. ಉಪಾಯ ಸರಳ; ಅದರಿಂದ ತೆರೆದ ಸಾಧ್ಯತೆಗಳಿಗೆ ಲೆಕ್ಕವಿಲ್ಲ.

ನೀರಿನ ಮೇಲೆ ಮರವೊಂದನ್ನು ನಿಲ್ಲಿಸಬೇಕೆಂದುಕೊಳ್ಳೋಣ. ಬ್ರೋಮೈಡ್ ಕಾಗದದ ಒಂದು ಕಟ್ಟುನಿಟ್ಟಿನ ನಿಯಮವನ್ನು ಮೊದಲು ಅರಿಯಬೇಕು. ಬೆಳಕು ಬಿದ್ದಲ್ಲಿ ಕಾಗದ ಕಪ್ಪಾಗುತ್ತದೆ. ಒಮ್ಮೆ ಬಿದ್ದ ಬೆಳಕನ್ನು ಹಿಂಪಡೆಯುವಂತಿಲ್ಲ. ಆದ್ದರಿಂದ ಮರ ಬರಬೇಕಾದ ಜಾಗವನ್ನು ಮೊದಲ ಯಂತ್ರದ ಕೆಳಗೆ ಬಿಳಿಯಾಗಿಯೇ ಉಳಿಸಿಕೊಳ್ಳಬೇಕು. ನೀರಿನ ನೆಗೆಟಿವ್‌ನಿಂದ ಬೆಳಕು ಬೀಳುತ್ತಿರುವಾಗ ಲೆನ್ಸ್‌ಗೂ ಕಾಗದಕ್ಕೂ ನಡುವೆ ಕಪ್ಪು ರಟ್ಟನ್ನು ಹಿಡಿದು ಮೇಲ್ಭಾಗವನ್ನು ಮುಚ್ಚುತ್ತಾರೆ. ರಟ್ಟು ಕಾಗದಕ್ಕೆ ಹತ್ತಿರವಿದ್ದರೆ ಅಂಚು ಚೂಪಾಗಿ ಕತ್ತರಿಸಿದಂತೆ ಕಾಣುತ್ತದೆ. ಮೇಲಕ್ಕೆತ್ತಿ ಮೆಲ್ಲಗೆ ಆಡಿಸುತ್ತಿದ್ದರೆ ನೆರಳು ಹರಡಿ ಅಂಚು ಕರಗುತ್ತದೆ. ಯೂಲ್ಸ್‌ಮನ್ ಚಿತ್ರಗಳಲ್ಲಿ ಬೆಸುಗೆ ಕಾಣದಿರುವುದರ ಹಿಂದೆ ಇರುವುದು ಕೈಯ ಈ ಅಲುಗಾಟ.

ನಂತರ ಅದೇ ಕಾಗದ ಎರಡನೆಯ ಯಂತ್ರಕ್ಕೆ. ಇಲ್ಲಿ ಮರದ ನೆಗೆಟಿವ್. ಮರವನ್ನು ಬೆಳ್ಳನೆಯ ಆಕಾಶದ ಎದುರು ತೆಗೆದಿದ್ದರೆ, ನೆಗೆಟಿವ್‌ನಲ್ಲಿ ಆ ಆಕಾಶ ದಟ್ಟ ಕಪ್ಪಾಗಿದ್ದು ತಾನೇ ಬೆಳಕನ್ನು ತಡೆಯುತ್ತದೆ. ಕೊಂಬೆ ಬೇರುಗಳ ಮೂಲಕ ಮಾತ್ರ ಬೆಳಕು ಇಳಿದು ಕಾಗದದ ಮೇಲೆ ಮರ ಮೂಡುತ್ತದೆ. ಎಲೆಗಳ ಸುತ್ತ ರಟ್ಟು ಹಿಡಿಯುವ ಗೋಜೇ ಇಲ್ಲ. ಹೀಗಾಗಿ ಬಿಳಿ ಹಿನ್ನೆಲೆಯ ವಸ್ತುಗಳು ಈ ಕೆಲಸ ಮಾಡುವವರಿಗೆ ಬಲು ಪ್ರಿಯ. ಯಾವುದು ಎಲ್ಲಿ ಬರಬೇಕೆಂಬುದಕ್ಕೆ ಮೊದಲೇ ಬೇರೊಂದು ಹಾಳೆಯಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡಿರುತ್ತಾರೆ. ಆ ನಕ್ಷೆಯನ್ನು ಪ್ರತಿ ಯಂತ್ರದ ಕೆಳಗೂ ಇಟ್ಟು ಚೌಕಟ್ಟು ಹೊಂದಿಸುತ್ತಾರೆ.

ನಮ್ಮ ಸಿನಿಮಾ ನೋಡಿದವರಿಗೆ ಈ ತತ್ವ ಹೊಸದೇನಲ್ಲ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಬಬ್ರುವಾಹನನೂ ರಾಜ್‌ಕುಮಾರ್ ಅವರೇ. ಆ ಕಾಲದ ದ್ವಿಪಾತ್ರಗಳಿಗೆ ಚೌಕಟ್ಟಿನ ಅರ್ಧ ಮುಚ್ಚಿ ಒಮ್ಮೆ, ಉಳಿದರ್ಧ ಮುಚ್ಚಿ ಇನ್ನೊಮ್ಮೆ ಅದೇ ಫಿಲಂ ಮೇಲೆ ಚಿತ್ರೀಕರಿಸುವ ‘ಮಾಸ್ಕಿಂಗ್’ ಬಳಕೆಯಲ್ಲಿತ್ತು. ಯೂಲ್ಸ್‌ಮನ್ ಅದೇ ಮಾತನ್ನು ಕಾಗದದ ಮೇಲೆ, ಮೂರು ನಾಲ್ಕು ಪದರಗಳಲ್ಲಿ, ಅಂಚುಗಳನ್ನು ಕರಗಿಸಿ ಆಡಿದರು.

ಇಷ್ಟೆಲ್ಲ ಆದರೂ ಕಾಗದದ ಮೇಲೆ ಇನ್ನೂ ಏನೂ ಕಾಣುವುದಿಲ್ಲ. ಬೆಳಕು ತಾಗಿದ ಬೆಳ್ಳಿ ಲವಣದ ಕಣಗಳು ಗುಟ್ಟನ್ನು ಹಿಡಿದಿಟ್ಟುಕೊಂಡಿರುತ್ತವೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನ ಡೆವಲಪರ್ ಟ್ರೇಯಲ್ಲಿ ಹಾಳೆ ಮುಳುಗಿಸಿ ಮೆಲ್ಲಗೆ ತೂಗಿದಾಗ ಮೊದಲು ಗಾಢ ನೆರಳು, ಆಮೇಲೆ ನಡುವಿನ ಬೂದು ಛಾಯೆಗಳು ಒಂದೊಂದಾಗಿ ಏಳುತ್ತವೆ. ಆಮ್ಲದ ನೀರಿನಲ್ಲಿ ಅದ್ದಿ ಆ ಕ್ರಿಯೆಯನ್ನು ನಿಲ್ಲಿಸಿ, ಹೈಪೋದಲ್ಲಿ ಹಾಕಿ ಚಿತ್ರವನ್ನು ಸ್ಥಿರಗೊಳಿಸಿ, ಹರಿಯುವ ನೀರಿನಲ್ಲಿ ತೊಳೆಯುತ್ತಾರೆ. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದ ಹಿರಿಯರಿಗೆ ಹೈಪೋ ಎಂದ ಕೂಡಲೇ ಅದರ ವಾಸನೆಯೇ ಮೂಗಿಗೆ ಬಡಿದೀತು. ಸೋಡಿಯಂ ಥಯೋಸಲ್ಫೇಟ್ ಎಂಬ ಈ ಲವಣ ಬೆಳ್ಳಿ ಲವಣಗಳನ್ನು ಕರಗಿಸುತ್ತದೆಂದು 1819ರಲ್ಲಿ ಕಂಡುಕೊಂಡವರು ಖಗೋಳವಿಜ್ಞಾನಿ ಜಾನ್ ಹರ್ಷೆಲ್.

ಮರ ಒಂದಿಷ್ಟು ಎತ್ತರಕ್ಕೆ ಹೋಯಿತೇ? ಅಂಚಿನಲ್ಲಿ ಕಪ್ಪು ಗೆರೆ ಉಳಿಯಿತೇ? ಮತ್ತೆ ಮೊದಲ ಯಂತ್ರದಿಂದ ಆರಂಭ. ಒಂದು ಪದರ ಮಾತ್ರ ತಿದ್ದುವ ಅವಕಾಶ ಇಲ್ಲಿಲ್ಲ. ವರ್ಷಕ್ಕೆ ನೂರರಷ್ಟು ಹೊಸ ಚಿತ್ರಗಳನ್ನು ಮಾಡಿ, ಅವುಗಳಲ್ಲಿ ಉಳಿಸಿಕೊಳ್ಳಲು ಯೋಗ್ಯ ಎನಿಸಿದವು ಹತ್ತರಷ್ಟು ಎಂದು ಯೂಲ್ಸ್‌ಮನ್ ಹೇಳಿಕೊಂಡಿದ್ದುಂಟು. ಉಳಿದ ತೊಂಬತ್ತನ್ನು ಅವರು ನಷ್ಟವೆಂದು ಬಗೆಯಲಿಲ್ಲ. ಡಾರ್ಕ್‌ರೂಮನ್ನು ಅವರು ಸಂಶೋಧನಾಲಯವೆಂದೇ ಕಾಣುತ್ತಿದ್ದರು. ಸಂಶೋಧನೆಯಲ್ಲಿ ಫಲ ಕೊಡದ ಪ್ರಯೋಗವೂ ದಾರಿಯ ಭಾಗವೇ.

ಎಡವಟ್ಟೇ ವಿದ್ಯೆಯಾದಾಗ

ಡಾರ್ಕ್‌ರೂಮ್‌ನ ಅನೇಕ ತಂತ್ರಗಳು ಆಕಸ್ಮಿಕದಿಂದ ಹುಟ್ಟಿದವು. ಪ್ಯಾರಿಸ್‌ನಲ್ಲಿ 1929ರ ಸುಮಾರಿಗೆ ಮ್ಯಾನ್ ರೇ ಜೊತೆ ಕೆಲಸ ಮಾಡುತ್ತಿದ್ದ ಲೀ ಮಿಲ್ಲರ್ ಕತ್ತಲಲ್ಲಿ ಕಾಲ ಮೇಲೆ ಏನೋ ಹರಿದಂತಾಗಿ ಬೆಚ್ಚಿ ದೀಪ ಹಾಕಿಬಿಟ್ಟರಂತೆ. ಟ್ರೇಯಲ್ಲಿ ಅರೆಬರೆ ಡೆವಲಪ್ ಆಗಿದ್ದ ನೆಗೆಟಿವ್‌ಗಳ ಕಥೆ ಮುಗಿಯಿತೆಂದುಕೊಂಡರೆ, ಛಾಯೆಗಳು ಭಾಗಶಃ ತಿರುವುಮುರುವಾಗಿ, ಆಕೃತಿಯ ಅಂಚಿಗೆ ತೆಳುವಾದ ಗೆರೆ ಮೂಡಿತ್ತು. ಸೋಲರೈಸೇಷನ್ ಎಂದು ಕರೆಯುವ ಈ ಪರಿಣಾಮ 19ನೇ ಶತಮಾನದಲ್ಲೇ ಗಮನಕ್ಕೆ ಬಂದಿತ್ತು. ಮ್ಯಾನ್ ರೇ ಮತ್ತು ಮಿಲ್ಲರ್ ಮಾಡಿದ್ದು, ಆ ಎಡವಟ್ಟನ್ನು ಮತ್ತೆ ಮತ್ತೆ ಬೇಕೆಂದೇ ಮಾಡಿ ಪಳಗಿಸಿದ್ದು.

ಯೂಲ್ಸ್‌ಮನ್ ಈ ಪರಂಪರೆಯ ಹಲವು ಸಲಕರಣೆಗಳನ್ನು ತಮ್ಮದಾಗಿಸಿಕೊಂಡರು. ಒಂದೇ ನೆಗೆಟಿವನ್ನು ಒಮ್ಮೆ ನೇರವಾಗಿ, ಒಮ್ಮೆ ಮಗುಚಿ ಹಾಕಿ ನಡುಗೆರೆಯಲ್ಲಿ ಕೂಡಿಸಿದರೆ ಸಾಧಾರಣ ಬಂಡೆಯೊಂದು ಮುಖವಾಡದಂತೆ, ಮರವೊಂದು ಗೋಪುರದಂತೆ ಕಾಣತೊಡಗುತ್ತದೆ. ಪ್ರಿಂಟನ್ನೇ ನೆಗೆಟಿವ್ ಮಾಡಿಕೊಂಡು ಇನ್ನೊಂದು ಕಾಗದಕ್ಕೆ ಬೆಳಕು ಬಿಟ್ಟರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಬರುತ್ತದೆ. 1967ರ ‘ಸ್ಮಾಲ್ ವುಡ್ಸ್ ವೇರ್ ಐ ಮೆಟ್ ಮೈಸೆಲ್ಫ್’ ಚಿತ್ರದಲ್ಲಿ ಈ ಎರಡೂ ಇವೆ. ಕಾಡಿನ ನಡುವೆ ಒಬ್ಬಳೇ ಹೆಣ್ಣು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಒಂದು ಕಡೆ ಹಗಲಿನವಳಂತೆ, ಒಂದು ಕಡೆ ಬೆಳಕು ನೆರಳು ಅದಲುಬದಲಾದ ಇನ್ನಾರೋ ಆಗಿ. ಇಲ್ಲಿ ತಂತ್ರವನ್ನೂ ಭಾವವನ್ನೂ ಬೇರ್ಪಡಿಸಲು ಬರುವುದಿಲ್ಲ. ತನ್ನನ್ನು ತಾನೇ ಎದುರುಗೊಂಡವರಿಗೆ ಆಗುವ ದಿಗಿಲನ್ನು, ನೆಗೆಟಿವ್–ಪಾಸಿಟಿವ್ ಎಂಬ ಛಾಯಾಗ್ರಹಣದ ಮೂಲಭೂತ ಗುಣದಿಂದಲೇ ಹೇಳಲಾಗಿದೆ. ಕುಂಚಕ್ಕೆ ಈ ಮಾತು ಇಷ್ಟು ಸಹಜವಾಗಿ ದಕ್ಕಲಾರದು.

ಅರ್ಥ ಕೇಳುವವರಿಗೆ

1976ರ ಚಿತ್ರವೊಂದರಲ್ಲಿ ಮರದ ಹಲಗೆಗಳ ಗಂಭೀರವಾದ ಓದುಕೋಣೆ ಇದೆ. ಮೇಜು, ಗೋಡೆ, ಎಲ್ಲ ಇದ್ದಂತೆಯೇ ಇವೆ. ಚಾವಣಿಯ ಜಾಗದಲ್ಲಿ ಮಾತ್ರ ಮೋಡ ತುಂಬಿದ ಆಕಾಶ. 1982ರ ಇನ್ನೊಂದರಲ್ಲಿ ಹಳೆಯ ಮನೆಯ ಗೋಡೆಗಳು ಕೆಳಗಿಳಿಯುತ್ತ ಮರದ ಬುಡವಾಗಿ, ಬೇರಾಗಿ ನೆಲಕ್ಕೆ ಹಬ್ಬುತ್ತವೆ. ಇವಕ್ಕೆಲ್ಲ ಅರ್ಥವೇನು? ಯೂಲ್ಸ್‌ಮನ್ ಬಹುಪಾಲು ಚಿತ್ರಗಳಿಗೆ ಹೆಸರೇ ಇಡಲಿಲ್ಲ. ‘ಅನ್‌ಟೈಟಲ್ಡ್’ ಎಂದು ಬರೆದು ಪಕ್ಕದಲ್ಲಿ ಇಸವಿ ನಮೂದಿಸಿದರು. ಹೆಸರಿಟ್ಟ ಕೆಲವುಗಳಲ್ಲಿ 1965ರ ‘ಮಾಗ್ರಿಟ್ಸ್ ಟಚ್‌ಸ್ಟೋನ್’ ಒಂದು. ಬೆಲ್ಜಿಯಂನ ಅತಿವಾಸ್ತವ ಚಿತ್ರಕಾರ ರೆನೆ ಮಾಗ್ರಿಟ್‌ಗೆ ಸಲ್ಲಿಸಿದ ಗೌರವ ಅದು.

ಮಾಗ್ರಿಟ್ ಬಂಡೆಯನ್ನು ಗಾಳಿಯಲ್ಲಿ ತೇಲಿಸಿ ಬಿಡಿಸಿದಾಗ ಅದು ಬಣ್ಣದ ಬಂಡೆ ಎಂದು ನಮಗೆ ಗೊತ್ತಿರುತ್ತದೆ. ಛಾಯಾಚಿತ್ರದಲ್ಲಿ ಬಂಡೆ ತೇಲಿದರೆ ಮನಸ್ಸು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕ್ಯಾಮೆರಾದ ಎದುರು ಆ ಬಂಡೆ ನಿಜವಾಗಿ ಇತ್ತು, ಆ ಆಕಾಶವೂ ಇತ್ತು. ಎರಡು ನಿಜಗಳು ಕೂಡಿ ಒಂದು ಅಸಾಧ್ಯ ಹುಟ್ಟಿದೆ. ಯೂಲ್ಸ್‌ಮನ್ ಚಿತ್ರಗಳ ಸೆಳೆತ ಈ ಇಕ್ಕಟ್ಟಿನಲ್ಲಿದೆ ಎಂದು ನನಗನಿಸುತ್ತದೆ. ಚಾವಣಿ ಕಳಚಿಕೊಂಡ ಆ ಓದುಕೋಣೆಯನ್ನು ನೋಡಿದಾಗಲೆಲ್ಲ, ಪುಸ್ತಕದ ಮುಂದೆ ಕುಳಿತು ಮೈಮರೆತ ಗಳಿಗೆಗಳಲ್ಲಿ ತಲೆಯ ಮೇಲೆ ಆಗುತ್ತಿದ್ದದ್ದು ಇದೇ ಎನಿಸುತ್ತದೆ. ಇನ್ನೊಬ್ಬರಿಗೆ ಅದು ದಿಕ್ಕಿಲ್ಲದ ಒಂಟಿತನವಾಗಿ ಕಂಡೀತು. ಎರಡೂ ಸಲ್ಲುತ್ತವೆ. ನೋಡುವವರಿಗಾಗಿ ಅವರು ಬಿಟ್ಟುಕೊಟ್ಟ ಜಾಗ ಇದು.

ಒಂದು ಸೂರು, ಎರಡು ದಾರಿ

1990ರಲ್ಲಿ ಬಂದ ಫೋಟೊಶಾಪ್‌ಗೆ 1994ರ ಮೂರನೆಯ ಆವೃತ್ತಿಯಲ್ಲಿ ‘ಲೇಯರ್’ ಸೌಲಭ್ಯ ಸೇರಿತು. ಯೂಲ್ಸ್‌ಮನ್ ಮೂವತ್ತು ವರ್ಷಗಳಿಂದ ಯಂತ್ರದಿಂದ ಯಂತ್ರಕ್ಕೆ ಓಡಾಡಿ ಮಾಡುತ್ತಿದ್ದ ಕೆಲಸ ಈಗ ಪರದೆಯ ಮೇಲೆ, ಬೇಕಾದಾಗ ಹಿಂದೆಗೆಯಬಹುದಾದ ರೂಪದಲ್ಲಿ ಬಂದಿತ್ತು. ತಯಾರಕ ಕಂಪನಿ ಅಡೋಬಿ ಅವರನ್ನೇ ಸಂಪರ್ಕಿಸಿ, ಈ ಹೊಸ ಸಾಧನದಲ್ಲಿ ಪೋಸ್ಟರ್ ಒಂದಕ್ಕೆ ಚಿತ್ರ ಮಾಡಿಕೊಡಲು ಕೇಳಿತು. ಪ್ರಯತ್ನವೇನೋ ನಡೆಯಿತು. ಆದರೆ ಕಂಪ್ಯೂಟರ್ ಒಲಿದದ್ದು ಅವರ ಪತ್ನಿ, ಕಲಾವಿದೆ ಮ್ಯಾಗಿ ಟೇಲರ್ ಅವರಿಗೆ. ಹಳೆಯ ಭಾವಚಿತ್ರಗಳನ್ನೂ ಪುಟ್ಟ ವಸ್ತುಗಳನ್ನೂ ಸ್ಕ್ಯಾನರ್ ಮೇಲಿಟ್ಟು ವರ್ಣಮಯ ಕನಸಿನ ಲೋಕ ಕಟ್ಟುವ ಟೇಲರ್, ಡಿಜಿಟಲ್ ಕಲೆಯಲ್ಲಿ ತಮ್ಮದೇ ಹೆಸರು ಮಾಡಿದರು.

ಯೂಲ್ಸ್‌ಮನ್ ಡಾರ್ಕ್‌ರೂಮ್‌ಗೆ ಮರಳಿದರು. ಹೊಸದನ್ನು ಹಳಿಯುತ್ತ ಅಲ್ಲ, ತಮ್ಮ ಮನಸ್ಸು ಕೆಲಸ ಮಾಡುವುದು ಆ ಕೆಂಪು ದೀಪದ ಕೆಳಗೆ, ಒದ್ದೆ ಕೈಗಳಲ್ಲಿ ಎಂಬ ಅರಿವಿನಿಂದ. ಒಬ್ಬರು ಟ್ರೇಯ ಮುಂದೆ, ಇನ್ನೊಬ್ಬರು ಪರದೆಯ ಮುಂದೆ. ಒಂದೇ ಬಗೆಯ ಕಲ್ಪನೆಗೆ ಎರಡು ಹತಾರ. ಹತಾರ ಯಾವುದೆಂಬ ಜಗಳ ಆ ಮನೆಯಲ್ಲಿ ನಡೆದಂತಿಲ್ಲ.

ಈಗ ಕೃತಕ ಬುದ್ಧಿಮತ್ತೆಗೆ ಒಂದು ಸಾಲು ಬರೆದು ಕೊಟ್ಟರೆ ತೇಲುವ ಮರಗಳು ಡಜನ್ ಲೆಕ್ಕದಲ್ಲಿ ಬರುತ್ತವೆ. ಅವುಗಳ ಬೇರಿಗೂ ನೀರಿಗೂ ನಡುವೆ ಬೆಸುಗೆ ಕಾಣುವುದಿಲ್ಲ. ಹಾಗಾದರೆ ಯೂಲ್ಸ್‌ಮನ್ ಅವರ ದುಡಿಮೆಗೆ ಬೆಲೆ ಇಳಿಯಿತೇ? ಬೆಸುಗೆಯೇ ಅವರ ಸಾಧನೆಯಾಗಿದ್ದರೆ ಇಳಿಯುತ್ತಿತ್ತು. ಅವರ ಚಿತ್ರದ ಪ್ರತಿ ತುಣುಕೂ ಒಂದು ದಿನ ಒಂದು ಜಾಗದಲ್ಲಿ ಅವರ ಕಣ್ಣೆದುರು ಇತ್ತು. ಅದನ್ನು ತೆಗೆಯಲು ಅವರು ನಿಂತಿದ್ದರು. ವರ್ಷಗಳ ಬಳಿಕ ಅದನ್ನು ಮತ್ತೆ ನೋಡಿ, ಇನ್ನೊಂದರ ಪಕ್ಕದಲ್ಲಿಟ್ಟು, ಒಪ್ಪದಿದ್ದರೆ ಬಿಟ್ಟು, ಒಪ್ಪಿದರೆ ಕತ್ತಲಲ್ಲಿ ಗಂಟೆಗಟ್ಟಲೆ ನಿಂತು ಪರೀಕ್ಷಿಸಿದರು. ತೊಂಬತ್ತನ್ನು ಕೈಬಿಟ್ಟು ಹತ್ತನ್ನು ಉಳಿಸಿಕೊಂಡ ಆ ವಿವೇಕವನ್ನು ಯಾವ ಯಂತ್ರಕ್ಕೂ ವಹಿಸಿಕೊಡಲು ಬಾರದು.

ಅವರ ದಾರಿಯಲ್ಲಿ ನಡೆಯಲು ಏಳು ಎನ್‌ಲಾರ್ಜರ್ ಬೇಕಿಲ್ಲ. ನಮ್ಮೆಲ್ಲರ ಮೊಬೈಲ್‌ಗಳಲ್ಲಿ ತೆಗೆದು ಮರೆತ ಸಾವಿರಾರು ಚಿತ್ರಗಳಿವೆ. ತೆಗೆದ ಗಳಿಗೆಯಲ್ಲಿ ಒಂದು ನೋಟ, ಹಂಚಿಕೊಂಡ ಮೇಲೆ ಇನ್ನೊಂದು, ಅಲ್ಲಿಗೆ ಅವುಗಳ ಆಯಸ್ಸು ಮುಗಿಯುತ್ತದೆ. ಯೂಲ್ಸ್‌ಮನ್ ಹಳೆಯ ಕಾಂಟ್ಯಾಕ್ಟ್ ಶೀಟ್‌ಗಳ ಮುಂದೆ ಕೂತಂತೆ ನಾವೂ ಅವುಗಳ ಮುಂದೆ ಒಮ್ಮೆ ಕೂರಬಹುದು. ಅಂದು ಕಾಣದಿದ್ದದ್ದು ಇಂದು ಕಂಡೀತು. ಎಲ್ಲಿಂದಲೋ ತಂದ ಎರಡು ಚಿತ್ರಗಳಿಗೆ ನಂಟು ಹೊಳೆದೀತು. ಫೋಟೊ ತೆಗೆಯುವುದು 1969ರಲ್ಲಿ ಇದ್ದದ್ದಕ್ಕಿಂತ ನೂರು ಪಾಲು ಸುಲಭವಾಗಿದೆ. ತೆಗೆದದ್ದನ್ನು ನೋಡುವುದು ಮಾತ್ರ ಆಗ ಎಷ್ಟು ಹೊತ್ತು ಬೇಡುತ್ತಿತ್ತೋ ಈಗಲೂ ಅಷ್ಟೇ ಹೊತ್ತು ಬೇಡುತ್ತದೆ. ಆ ಹೊತ್ತನ್ನು ಕೊಡಲು ಸಿದ್ಧರಿರುವವರಿಗೆ ಯೂಲ್ಸ್‌ಮನ್ ಇಂದಿಗೂ ಒಳ್ಳೆಯ ಮೇಷ್ಟ್ರು.